ಎರಡಿಂಚು ಎತ್ತರ

ಫೆಬ್ರವರಿ 11, ಮಂಗಳವಾರ

ಇದು ಗಿರಾಕಿಗಳ ಅಳತೆ ಪುಸ್ತಕ. ಹಿಂದಿನ ಪುಟದಲ್ಲಿ ಶಾಲೆಯ ಹೆಡ್‌ಮಾಸ್ಟರರ ಪ್ಯಾಂಟು ಇದೆ. ಸೊಂಟ ಮೂವತ್ತೆಂಟು. ಅವರು ಇಣುಕಿ ನೋಡುತ್ತಿದ್ದರು, ಆದ್ದರಿಂದ ಮೂವತ್ತಾರು ಎಂದು ಬರೆದು ಬಟ್ಟೆಯನ್ನು ಮೂವತ್ತೆಂಟಕ್ಕೇ ಕತ್ತರಿಸಿದ್ದೆ. ಅಲ್ಲಿಂದ ಮುಂದೆ ಪುಟಗಳೆಲ್ಲ ಖಾಲಿ. ಅಂಗಡಿಯ ಬಾಗಿಲು ಹಾಕಿ ತಿಂಗಳ ಮೇಲಾಯಿತು. ಯಾರ ಹತ್ತಿರವಾದರೂ ಹೇಳಿಕೊಳ್ಳದಿದ್ದರೆ ತಲೆ ಸಿಡಿದುಹೋಗುತ್ತದೆ, ಹೇಳಿಕೊಳ್ಳುವಂಥವರು ಯಾರೂ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಜನವರಿ ಒಂಬತ್ತರಂದು ಬೆಳಿಗ್ಗೆ ನನ್ನ ಹೆಂಡತಿಗೆ ಪಾರ್ಶ್ವವಾಯು ಬಡಿಯಿತು. ಎಡಗೈ, ಎಡಗಾಲು ಎರಡೂ ಹೋದವು. ಮಾತು ಉಳಿಯಿತು. ಮೊದಲಿಗಿಂತ ಹರಿತವಾಗಿಯೇ ಉಳಿದಿದೆ ಎನ್ನುತ್ತಾಳೆ ಅವಳ ತಂಗಿ. ಆಸ್ಪತ್ರೆಯಿಂದ ಬಿಡುವಾಗ ಫಿಸಿಯೋ ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, "ಮೊದಲ ಮೂರು ತಿಂಗಳಲ್ಲಿ ಎಷ್ಟು ಬರುತ್ತೋ ಅಷ್ಟು ಬರುತ್ತೆ ಸಾರ್. ಆಮೇಲೆ ಬರೋದು ತುಂಬಾ ನಿಧಾನ. ವಾರಕ್ಕೆ ಮೂರು ದಿನ ತಪ್ಪಿಸಬೇಡಿ" ಅಂದರು. ನಾನು ಅಲ್ಲೇ ಬೆರಳು ಮಡಚಿ ಎಣಿಸಿದೆ. ಏಪ್ರಿಲ್ ಒಂಬತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ದಾರ ಹೊಲಿದು ಗುರುತು ಮಾಡಿದ್ದೇನೆ.

ಕೈಕಾಲಿಗೆ ವ್ಯಾಯಾಮ ಮಾಡಿಸುವ ಫಿಸಿಯೋ ಕೇಂದ್ರ ಇರುವುದು ಹೊಳೆಯ ಆಚೆ. ಸೇತುವೆ ಬಿರುಕು ಬಿಟ್ಟಿತೆಂದು ಮುಚ್ಚಿದ್ದಾರೆ, ಸುತ್ತಿಕೊಂಡು ಹೋದರೆ ಐದು ಗಂಟೆಯ ದಾರಿ, ಅಷ್ಟು ಹೊತ್ತು ಅವಳಿಗೆ ಕೂರಲಾಗದು. ಬಾಡಿಗೆ ಗಾಡಿಯವರು ಆ ಕಡೆ ಬರುವುದೇ ಇಲ್ಲ. ಉಳಿದವರೆಲ್ಲ ಒಣಗಿದ ಹೊಳೆಯೊಳಗೆ ಇಳಿದು ಕಲ್ಲುಗಳ ಮೇಲೆ ಹಾಯುತ್ತಾರೆ. ನಮ್ಮದು ಏಳು ಸೀಟಿನ ದೊಡ್ಡ ಗಾಡಿ, ಯೂನಿಫಾರಂ ಗಂಟು ಸಾಗಿಸಲು ಎಂಟು ವರ್ಷದ ಹಿಂದೆ ಕೊಂಡದ್ದು. ನೋಡಲು ಆನೆಯಂತಿದೆ, ಹೊಟ್ಟೆ ಮಾತ್ರ ನೆಲಕ್ಕೆ ತಾಗುತ್ತದೆ. ಶನಿವಾರ ನಡುಹೊಳೆಯಲ್ಲಿ ಹೊಟ್ಟೆ ಕಲ್ಲಿನ ಮೇಲೆ ಕೂತುಬಿಟ್ಟಿತು. ಚಕ್ರ ಗಾಳಿಯಲ್ಲಿ ತಿರುಗಿತು. ಎರಡು ಗಂಟೆ ಹಾಗೇ ಇದ್ದೆವು. ಕೊನೆಗೆ ಒಂದು ಟಿಪ್ಪರಿನವರು ಬಂದರು. ನಾಲ್ಕು ಜನ ಸೇರಿ ಅವಳನ್ನು ಎತ್ತಿ ದಡದ ಮೇಲೆ ಕೂರಿಸಿದರು, ಆಮೇಲೆ ಗಾಡಿಗೆ ಹಗ್ಗ ಹಾಕಿ ಎಳೆದರು. ಅವರು ಬರುವ ಹೊತ್ತಿಗೇ ಅವಳ ಬಟ್ಟೆ ಒದ್ದೆಯಾಗಿತ್ತು, ಎರಡು ಗಂಟೆ ತಡೆದುಕೊಳ್ಳಲಾಗಿರಲಿಲ್ಲ. ಅದರ ಬಗ್ಗೆ ನಾನೂ ಏನೂ ಹೇಳಲಿಲ್ಲ, ಅವಳೂ ಹೇಳಲಿಲ್ಲ.

ನಿನ್ನೆ ಹೊರಡಿಸಲು ಹೋದರೆ, "ನಾನು ಬರೋಲ್ಲ" ಅಂದಳು. ಇವತ್ತೂ ಅದೇ ಮಾತು. ಯಾಕೆಂದು ಕೇಳುವುದೇನಿದೆ, ಆ ಕಲ್ಲುಗಳ ಕುಲುಕಾಟಕ್ಕೆ ಯಾರು ತಾನೇ ಹೆದರುವುದಿಲ್ಲ?

ಫೆಬ್ರವರಿ 14, ಶುಕ್ರವಾರ

ಗ್ರೀಸಣ್ಣನ ಗ್ಯಾರೇಜಿಗೆ ಹೋದೆ. ಅವನ ನಿಜವಾದ ಹೆಸರು ಅವನ ಹೆಂಡತಿಗಾದರೂ ನೆನಪಿದೆಯೋ ಇಲ್ಲವೋ. ಅವನ ಕೈ ಕುಲುಕಿದವರು ಮನೆಗೆ ಹೋಗಿ ಮೂರು ಸಲ ಸೋಪು ಹಾಕಬೇಕು. ಗಾಲಿ ಹಲಗೆಯ ಮೇಲೆ ಮಲಗಿ ಗಾಡಿಯ ಕೆಳಗೆ ಜಾರಿದವನು, "ನೀವೂ ಬನ್ನಿ ಟೈಲರೇ, ಮೇಲಿಂದ ನೋಡಿದ್ರೆ ಏನು ತಿಳಿಯುತ್ತೆ?" ಎಂದು ನನ್ನನ್ನೂ ಕರೆದ. ಇಸ್ತ್ರಿ ಮಾಡಿದ ಅಂಗಿಯಲ್ಲೇ ನೆಲಕ್ಕೆ ಬೆನ್ನು ಕೊಟ್ಟೆ. ಎಂಟು ವರ್ಷದಲ್ಲಿ ನನ್ನ ಗಾಡಿಯ ಹೊಟ್ಟೆ ನೋಡಿದ್ದು ಇದೇ ಮೊದಲು. ನಡುವಿನ ಅಡ್ಡಪಟ್ಟಿ ಬಗ್ಗಿತ್ತು. ಕಲ್ಲು ಕೆರೆದ ಜಾಗ ಬೆಳ್ಳಗೆ ಹೊಳೆಯುತ್ತಿತ್ತು.

"ಇದೇ ನೋಡಿ ಕಲ್ಲಿನ ಮೇಲೆ ಕೂತಿದ್ದು. ಗಾಡಿನ ಎರಡಿಂಚು ಎತ್ತಿದ್ರೆ ಸಾಕು. ಅದಕ್ಕಿಂತ ಜಾಸ್ತಿ ಎತ್ತಿದ್ರೆ ತಿರುವಿನಲ್ಲಿ ತೂಗಾಡುತ್ತೆ."

"ಎರಡಿಂಚಿಗೆ ಆ ಕಲ್ಲು ದಾಟುತ್ತಾ?"

"ನಿಧಾನಕ್ಕೆ ಹೋದ್ರೆ ದಾಟುತ್ತೆ. ಆದ್ರೆ ಈಗಲೇ ಹೇಳ್ತೀನಿ, ಬರೀ ಹೊಟ್ಟೆ ಮೇಲೆ ಹೋಗೋಲ್ಲ. ಬಾಗಿಲು, ಸೀಟು, ದೀಪ, ಎಲ್ಲಾನೂ ಎರಡಿಂಚು ಮೇಲೆ ಹೋಗುತ್ತೆ. ಆಮೇಲೆ ದೀಪ ಎದುರಿನವರ ಕಣ್ಣಿಗೆ ಹೊಡೆಯುತ್ತೆ ಅಂತ ನನ್ನ ತಲೆ ತಿನ್ನಬೇಡಿ."

ದೀಪ ಬಗ್ಗಿಸಿದರಾಯಿತು ಅಂದೆ.

ಮನೆಗೆ ಬಂದು ಅವಳಿಗೆ ಹೇಳಿದೆ. "ಗಾಡಿ ಎತ್ತಿಸ್ತಾ ಇದ್ದೀನಿ."

"ಎಲ್ಲಿಗೆ?"

"ಎಲ್ಲಿಗೂ ಇಲ್ಲ, ಇದ್ದಲ್ಲೇ. ಎರಡಿಂಚು ಮೇಲಕ್ಕೆ. ಇನ್ನು ಕಲ್ಲು ತಗಲೋಲ್ಲ."

"ನನ್ನನ್ನ ಒಂದು ಮಾತು ಕೇಳಿದ್ರಾ?"

"ಗಾಡಿ ವಿಷಯ ನಿನಗೇನು ಗೊತ್ತು?" ಅಂದೆ. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ನಾನು ಯಾರಿಗೋಸ್ಕರ ಒದ್ದಾಡುತ್ತಿದ್ದೇನೆ ಎಂಬುದಾದರೂ ಅವಳಿಗೆ ತಿಳಿಯಬೇಡವೇ?

ಫೆಬ್ರವರಿ 15, ಶನಿವಾರ

ಚಕ್ರದ ನಡುಬಿಂದುವಿನಿಂದ ಮೇಲಿನ ಕಮಾನಿನ ಅಂಚಿನವರೆಗೆ ಅಳೆಯಬೇಕು. ನೆಲದಿಂದ ಅಳೆದರೆ ಟೈರಿನ ಗಾಳಿ ಹೆಚ್ಚು ಕಡಿಮೆಯಾದಾಗ ಅಳತೆ ಸುಳ್ಳು ಹೇಳುತ್ತದಂತೆ. ಈ ಮಾತು ಗ್ರೀಸಣ್ಣನದು, ಆದರೆ ಟೇಪು ನನ್ನದು.

ಮುಂದೆ ಬಲ: 20¾. ಮುಂದೆ ಎಡ: 20½.
ಹಿಂದೆ ಎರಡೂ ಕಡೆ: 21½.

"ಎಡಗಡೆ ಕಾಲಿಂಚು ಕುಸಿದಿದೆಯಲ್ಲ" ಅಂದೆ. ಗ್ರೀಸಣ್ಣ ಬೆರಗಾದ. ಅವನು ಇಷ್ಟು ವರ್ಷ ಕಣ್ಣಳತೆಯಲ್ಲೇ ನಡೆಸಿದ್ದಾನೆ.

ಒಂದು ವಿಷಯ ಮಾತ್ರ ನನ್ನ ತಲೆಗೆ ಹತ್ತಲಿಲ್ಲ. ಮುಂದಿನ ಶಾಕ್ ಅಬ್ಸಾರ್ಬರಿನ ನೆತ್ತಿಯ ಮೇಲೆ ಇಡುವ ಲೋಹದ ಬಿಲ್ಲೆಗೆ ಸ್ಪೇಸರ್ ಅನ್ನುತ್ತಾರೆ. ಅದರ ದಪ್ಪ ಒಂದೇ ಇಂಚು, ಆದರೂ ಗಾಡಿ ಎರಡಿಂಚು ಏಳುತ್ತದೆ. ಕಬ್ಬಿಣದ ತೋಳಿನ ಮಧ್ಯದಲ್ಲಿ ಒಂದಿಂಚು ಒತ್ತಿದರೆ ತುದಿಯಲ್ಲಿ ಎರಡಾಗುತ್ತದೆ ಎಂದು ಅವನು ತನ್ನ ಮೊಣಕೈ ಮಡಚಿ ತೋರಿಸಿದ. ಬಟ್ಟೆಯಲ್ಲಿ ಒಂದಿಂಚು ಎಂದರೆ ಒಂದೇ ಇಂಚು. ನನಗೆ ಬಟ್ಟೆಯೇ ವಾಸಿ.

ಫೆಬ್ರವರಿ 19, ಬುಧವಾರ

ಸ್ಪೇಸರ್ ಬರಲು ಹತ್ತು ದಿನ ಬೇಕಂತೆ. ಹತ್ತು ದಿನ! ಕ್ಯಾಲೆಂಡರಿನ ಮುಂದೆ ನಿಂತು ಕೆಂಪು ದಾರದವರೆಗೆ ಮತ್ತೆ ಎಣಿಸಿದೆ.

ಫೆಬ್ರವರಿ 25, ಮಂಗಳವಾರ

ಅವಳ ತಂಗಿ ದಿನಾ ಬೆಳಿಗ್ಗೆ ಬಂದು ಸ್ನಾನ ಮಾಡಿಸಿ ಹೋಗುತ್ತಾಳೆ. ಇವತ್ತು ಹೋಗುವಾಗ ಬಾಗಿಲಲ್ಲಿ ನಿಂತು ನನ್ನನ್ನು ತರಾಟೆಗೆ ತೆಗೆದುಕೊಂಡಳು.

"ಭಾವ, ಮೇಡಂ ಬರೆದುಕೊಟ್ಟ ವ್ಯಾಯಾಮದ ಹಾಳೆ ಎಲ್ಲಿ?"

"ಫ್ರಿಜ್ಜಿನ ಮೇಲೆ ಅಂಟಿಸಿದ್ದೀನಲ್ಲ."

"ಫ್ರಿಜ್ಜು ವ್ಯಾಯಾಮ ಮಾಡುತ್ತಾ? ಅಕ್ಕನ ಬೆರಳು ನೋಡಿದ್ರಾ, ಒಳಗೆ ಮಡಚಿಕೊಳ್ತಾ ಇದೆ."

ಒಳಗೆ ಹೋಗಿ ನೋಡಿದೆ. ನಿಜ. ಎಡಗೈ ಏನನ್ನೋ ಬಚ್ಚಿಟ್ಟುಕೊಂಡ ಮಗುವಿನ ಮುಷ್ಟಿಯ ಹಾಗಾಗಿತ್ತು. ಅವಳು ಎಡಗೈಯಲ್ಲೇ ಸೂಜಿ ಹಿಡಿಯುವವಳು, ಇಪ್ಪತ್ತಾರು ವರ್ಷ ನನ್ನ ಅಂಗಡಿಯ ಗುಂಡಿ ಕಾಜಾ ಎಲ್ಲ ಆ ಕೈಯವು. ನಾನು ಹೊಲಿದ ಕೋಟನ್ನು ಹೊಗಳಿದವರು ಮೊದಲು ಕಾಜಾ ನೋಡುತ್ತಿದ್ದರು. ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ಹೋದೆ. "ನೋಯುತ್ತೆ ಬಿಡಿ" ಅಂದಳು. ಬಿಟ್ಟೆ. ಇಂಥ ಕೆಲಸಕ್ಕೆ ತಿಳಿದವರ ಕೈಯೇ ಬೇಕು, ನನ್ನ ಕೈಗೆ ಗೊತ್ತಿರುವುದು ಕತ್ತರಿ. ಗಾಡಿಯೊಂದು ಆಗಿಬಿಟ್ಟರೆ ಅವಳನ್ನು ಹೇಗಾದರೂ ಮಾಡಿ ಕರೆದುಕೊಂಡು ಹೋಗುತ್ತೇನೆ. ಸ್ಪೇಸರ್ ಬಂತೇ ಎಂದು ಕೇಳಲು ಮತ್ತೆ ಗ್ಯಾರೇಜಿಗೆ ನಡೆದೆ.

ಮಾರ್ಚ್ 3, ಸೋಮವಾರ

ಕೊನೆಗೂ ಬಂದವು. ಕಪ್ಪು ಡಬ್ಬಿಯಲ್ಲಿ ನಾಲ್ಕು, ಮುಂದಕ್ಕೆರಡು, ಹಿಂದಕ್ಕೆರಡು. ಹಿಂದಿನವು ಒಂದೂವರೆ ಇಂಚು, ಸ್ಪ್ರಿಂಗಿನ ತಲೆಯ ಮೇಲೆ ಕೂರುವಂಥವು; ಹಿಂಭಾಗ ಮೊದಲೇ ಎತ್ತರವಿರುವುದರಿಂದ ಅಲ್ಲಿ ಅಷ್ಟೇ ಸಾಕಂತೆ. ಇಷ್ಟು ಚಿಕ್ಕ ವಸ್ತುವಿಗಾಗಿ ನಾನು ಎರಡು ವಾರ ಉಸಿರು ಬಿಗಿಹಿಡಿದಿದ್ದೆನೇ ಅನ್ನಿಸಿತು.

ಗಾಡಿಯನ್ನು ಜಾಕಿನಿಂದ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಚಕ್ರ ಬಿಚ್ಚಿದೆವು. ಬೋಲ್ಟುಗಳೆಲ್ಲ ತುಕ್ಕು ಹಿಡಿದು ಕಚ್ಚಿಕೊಂಡಿವೆ. ಎಣ್ಣೆ ಹೊಡೆದು ಬಿಟ್ಟಿದ್ದೇವೆ. "ಮೂರು ದಿನ ನೆನೆಯಲಿ. ಅವಸರ ಮಾಡಿದ್ರೆ ಮುರಿಯುತ್ತೆ" ಅಂದ ಗ್ರೀಸಣ್ಣ.

ಮಾರ್ಚ್ 5, ಬುಧವಾರ

ಅವಸರ ಮಾಡಿದೆ. ಮುರಿಯಿತು.

ಗ್ರೀಸಣ್ಣ ಊಟಕ್ಕೆ ಹೋಗಿದ್ದಾಗ ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಗಿಸಿ ಜಗ್ಗಿದೆ. ಟಕ್ ಎಂದಿತು. ಬೋಲ್ಟಿನ ಅರ್ಧ ನನ್ನ ಕೈಯಲ್ಲಿ, ಅರ್ಧ ಒಳಗೆ. ಅವನು ಬಂದು ನೋಡಿದ, ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಕೊರೆದು ತೆಗೀಬೇಕು. ಈ ಜಾತಿ ಬೋಲ್ಟು ಇಲ್ಲಿ ಸಿಗೋಲ್ಲ, ತರಿಸಬೇಕು. ಇನ್ನೊಂದು ವಾರ" ಅಂದ.

ಗ್ಯಾರೇಜಿನ ಹಿಂದೆ ಹಳೇ ಟೈರುಗಳ ರಾಶಿಯಿದೆ. ಅದರ ಮರೆಗೆ ಹೋಗಿ ಅತ್ತೆ. ಐವತ್ತೆಂಟು ವರ್ಷದ ಗಂಡಸು, ಮೂಗಿನಲ್ಲಿ ನೀರು ಸುರಿಸಿಕೊಂಡು ಅತ್ತೆ. ಮನೆಗೆ ಬಂದಾಗ ಅವಳು, "ಮುಖಕ್ಕೆ ಏನಾಯ್ತು?" ಎಂದು ಕೇಳಿದಳು. ಎಣ್ಣೆ ಹಾರಿತು ಅಂದೆ.

ಮಾರ್ಚ್ 8, ಶನಿವಾರ

ಹೊಳೆಯಲ್ಲಿ ಸಿಕ್ಕಿಕೊಂಡು ಒಂದು ತಿಂಗಳಾಯಿತು. ಏನೂ ಆಗಿಲ್ಲ.

ಮಾರ್ಚ್ 13, ಗುರುವಾರ

ಮುಂದಿನ ಎರಡೂ ಕೂತವು. ಚಕ್ರದ ಕಬ್ಬಿಣದ ತೋಳನ್ನು ಕೆಳಗೆ ಒತ್ತಿ ಹಿಡಿಯುವುದು ನನ್ನ ಕೆಲಸ. ಮೈಭಾರವೆಲ್ಲ ಹಾಕಿ ಒತ್ತಿದರೂ ಅದು ಹಟಮಾರಿಯ ಹಾಗೆ ಮೇಲೆ ಏಳುತ್ತದೆ. ಗ್ರೀಸಣ್ಣ ಆಚೆಯಿಂದ, "ಇನ್ನೊಂಚೂರು, ಇನ್ನೊಂಚೂರು, ಟೈಲರೇ ನೀವು ಊಟ ಮಾಡ್ತೀರಾ ಇಲ್ವಾ?" ಎಂದು ಕೂಗುತ್ತಿದ್ದ. ಕೊನೆಗೆ ಮೂರು ಬೋಲ್ಟುಗಳೂ ತೂತಿಗೆ ನೇರವಾಗಿ ಬಂದು ನಿಂತಾಗ ಇಬ್ಬರೂ ನೆಲದ ಮೇಲೆ ಉರುಳಿಕೊಂಡು ನಕ್ಕೆವು. ನಕ್ಕು ಎಷ್ಟು ದಿನವಾಗಿತ್ತೋ.

ಮುಂದೆ ಎರಡೂ ಕಡೆ: 22¾. ಎಡಗಡೆಗೆ ತೆಳುವಾದ ಇನ್ನೊಂದು ಬಿಲ್ಲೆ ಸೇರಿಸಿ ಕಾಲಿಂಚಿನ ಕುಸಿತವನ್ನೂ ಸರಿ ಮಾಡಿಸಿದೆ. ಒಂದು ಕೂದಲೆಳೆ ವ್ಯತ್ಯಾಸವಿಲ್ಲ.

ಅವಳು ಇವತ್ತು ಏನು ತಿಂದಳೆಂದು ತಂಗಿಯನ್ನು ಕೇಳಬೇಕೆಂದುಕೊಂಡಿದ್ದೆ, ಮರೆತೆ.

ಮಾರ್ಚ್ 17, ಸೋಮವಾರ

ಹಿಂದಿನವೂ ಆದವು, 23. ಬ್ರೇಕಿನ ರಬ್ಬರ್ ಪೈಪು ಬಿಗಿಯಾಗಿ ಎಳೆದಂತಾಗಿತ್ತು. ಅದರ ಕೊಕ್ಕೆಯನ್ನು ಕೆಳಗೆ ಬಗ್ಗಿಸಿ ಸಡಿಲ ಕೊಟ್ಟ ಗ್ರೀಸಣ್ಣ. "ಒಂದು ಕಡೆ ಎತ್ತಿದ್ರೆ ಇನ್ನೊಂದು ಕಡೆ ಎಲ್ಲೋ ಬಿಗಿಯುತ್ತೆ, ಅದನ್ನ ಹುಡುಕೋದೇ ಕೆಲಸ" ಅಂದ. ನಾಡಿದ್ದು ಚಕ್ರದ ಅಲೈನ್‌ಮೆಂಟು. ದೀಪವನ್ನೂ ಬಗ್ಗಿಸಿಯಾಯಿತು.

ಮಾರ್ಚ್ 21, ಶುಕ್ರವಾರ

ಒಬ್ಬನೇ ಹೊಳೆಗೆ ಇಳಿದೆ. ಅದೇ ಕಲ್ಲು. ಕೆರೆದ ಗುರುತು ಅದರ ಮೇಲೆ ಇನ್ನೂ ಇತ್ತು. ಮೊದಲ ಗೇರಿನಲ್ಲಿ, ಬ್ರೇಕಿನ ಮೇಲೆ ಕಾಲಿಟ್ಟು, ಕಿಟಕಿಯ ಹೊರಗೆ ಕಿವಿ ಇಟ್ಟು ಹೋದೆ. ಸದ್ದಿಲ್ಲ. ಆಚೆ ದಡ ಹತ್ತಿದೆ. ನಂಬಿಕೆಯಾಗದೆ ತಿರುಗಿ ಬಂದೆ, ಮತ್ತೆ ಹೋದೆ. ನಾಲ್ಕು ಸಲ ಹಾಯ್ದೆ. ಒಂದು ಸಲವೂ ತಗಲಲಿಲ್ಲ.

ನಾಳೆಯೇ ಕರೆದುಕೊಂಡು ಹೋಗುತ್ತೇನೆ. ಇನ್ನೂ ಹತ್ತೊಂಬತ್ತು ದಿನ ಉಳಿದಿದೆ. ಅವಳಿಗೆ ಹೇಳಿದೆ, "ನಾಲ್ಕು ಸಲ ಹಾಯ್ದೆ ಕಣೇ, ಲೋಟದ ನೀರೂ ಅಲುಗೋಲ್ಲ. ಒಂದೇ ಒಂದು ಸಲ ಕೂತು ನೋಡು." ಅವಳು ಬಹಳ ಹೊತ್ತು ನನ್ನ ಕೈ ನೋಡಿದಳು. ಉಗುರಿನ ಸಂದಿಯಲ್ಲೆಲ್ಲ ಗ್ರೀಸು. "ಸರಿ" ಅಂದಳು.

ಮಾರ್ಚ್ 22, ಶನಿವಾರ

ಬರೆಯಬೇಕು. ಕೈ ಬರುತ್ತಿಲ್ಲ.

ಗಾಡಿ ಹತ್ತಲು ಅವಳಿಗೆ ಒಂದು ಕ್ರಮವಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಅವಳೇ ಕಂಡುಕೊಂಡದ್ದು. ಐದಿಂಚಿನ ಮರದ ಹಲಗೆಯನ್ನು ಬಾಗಿಲ ಕೆಳಗೆ ಇಡುವುದು. ಬಲಗಾಲು ಮೊದಲು, ಆಮೇಲೆ ಎಡಗಾಲನ್ನು ಎಳೆದುಕೊಂಡು ಹಲಗೆಯ ಮೇಲೆ ನಿಲ್ಲುವುದು. ಬಲಗೈಯಲ್ಲಿ ಬಾಗಿಲ ಕಂಬದ ಹಿಡಿಯನ್ನು ಹಿಡಿದು, ಸೀಟಿಗೆ ಬೆನ್ನು ಮಾಡಿ ತಿರುಗಿ, ಹಾಗೇ ಹಿಂದಕ್ಕೆ ಕೂರುವುದು. ನಾನು ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಿದ್ದೆ.

ಇವತ್ತು ಹಲಗೆ ಹತ್ತುವುದೇ ಕಷ್ಟವಾಯಿತು. ಬಗಲಿಗೆ ಕೈ ಕೊಟ್ಟು ಹತ್ತಿಸಿದೆ. ತಿರುಗಿದಳು. ಹಿಂದಕ್ಕೆ ಒರಗಿದಳು. ಸೀಟು ಸಿಗಲಿಲ್ಲ. ಸೀಟಿನ ಅಂಚು ಅವಳ ಸೊಂಟದ ಹತ್ತಿರ ಇತ್ತು, ಕೂರುವ ಜಾಗಕ್ಕಿಂತ ಎರಡಿಂಚು ಮೇಲೆ.

ಎರಡಿಂಚು.

ಆ ಕ್ಷಣದಲ್ಲೂ ನನಗೆ ಬುದ್ಧಿ ಬರಲಿಲ್ಲ. "ಒಂದ್ನಿಮಿಷ, ಒಂದ್ನಿಮಿಷ" ಎನ್ನುತ್ತಾ ಅವಳನ್ನು ಇಳಿಸಿ, ಹಲಗೆಯ ಮೇಲೆ ಇನ್ನೊಂದು ಹಲಗೆ ಇಟ್ಟು ಮತ್ತೆ ಹತ್ತಿಸಿದೆ. ಮೇಲಿನ ಹಲಗೆ ಜಾರಿತು. ಇಬ್ಬರೂ ಗೇಟಿನ ಮುಂದೆ ಮಣ್ಣಿನಲ್ಲಿ ಬಿದ್ದೆವು. ಅವಳು ನನ್ನ ಮೇಲೆ ಬಿದ್ದದ್ದರಿಂದ ಏಟಾಗಲಿಲ್ಲ. ಎದುರು ಮನೆಯವರು, ಅಂಗಡಿಯವನು, ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಓಡಿಬಂದರು. "ಹಿಡೀರಿ, ಎತ್ತಿ" ಎಂದು ಯಾರೋ ಕೂಗಿದರು.

"ಯಾರೂ ಮುಟ್ಟಬೇಡಿ!"

ಅವಳ ಗಂಟಲಿನಲ್ಲಿ ಅಂಥ ಕೂಗು ಇದೆಯೆಂದು ನನಗೆ ಗೊತ್ತಿರಲಿಲ್ಲ. ಎಲ್ಲರೂ ನಿಂತಲ್ಲೇ ನಿಂತರು, ಆಮೇಲೆ ಒಬ್ಬೊಬ್ಬರಾಗಿ ಹೋದರು. ನಾನು ಮಣ್ಣಿನಲ್ಲೇ ಅವಳ ಪಕ್ಕ ಕೂತೆ. ಏಳಿಸಲು ಕೈ ಮುಂದೆ ಹೋಗುತ್ತಿತ್ತು, ಹಿಂದಕ್ಕೆ ಎಳೆದುಕೊಂಡೆ.

"ಕಲ್ಲಿಗೆ ಹೆದರಿ ಬರೋಲ್ಲ ಅಂದೆ ಅಂತ ಅಂದ್ಕೊಂಡ್ರಾ?" ಅಂದಳು.

"ಮತ್ತೆ?"

"ಆವತ್ತು ನಾಲ್ಕು ಜನ ನನ್ನನ್ನ ಎತ್ತಿದ್ರಲ್ಲ. ನನ್ನ ಬಟ್ಟೆ ಒದ್ದೆಯಾಗಿತ್ತು. ಅವರ ಕೈಗೆಲ್ಲ ತಗಲಿತು. ಒಬ್ಬ ಕೈನ ಪ್ಯಾಂಟಿಗೆ ಒರೆಸಿಕೊಂಡ, ನೋಡಿದೆ. ನೀವು ಅವರಿಗೆ ಆ ಕಡೆ ಹಿಡ್ಕೊಳ್ಳಿ, ಈ ಕಡೆ ಹಿಡ್ಕೊಳ್ಳಿ ಅಂತ ಹೇಳ್ಕೊಡ್ತಾ ಇದ್ರಿ. ನನ್ನ ಮುಖ ನೋಡಲಿಲ್ಲ."

ಈ ಸಲ ತಲೆ ಎತ್ತಿ ಅವಳ ಮುಖ ನೋಡಿದೆ.

"ಇನ್ನು ಯಾರೂ ನನ್ನನ್ನ ಎತ್ತಬಾರದು ಅಂತ ಅಂದ್ಕೊಂಡೆ. ಈ ಗಾಡಿ ಹತ್ತೋದೊಂದು ನಾನೇ ಮಾಡ್ತಿದ್ದೆ. ಅದನ್ನೂ ಕೈಗೆ ಸಿಗದ ಹಾಗೆ ಮೇಲಿಟ್ರಿ." ಕಾಲಿನ ಮಣ್ಣು ಕೊಡವುತ್ತಾ, "ಇಪ್ಪತ್ತಾರು ವರ್ಷ ಊರಿನವರ ಕಾಲೆಲ್ಲ ಅಳೆದ್ರಿ. ನನ್ನ ಕಾಲಿಗೊಂದು ಟೇಪು ಹಿಡೀಲಿಲ್ಲ" ಅಂದಳು.

ಗಾಡಿಯ ಬಾಗಿಲ ಕೆಳಗಿನ ಅಂಚನ್ನು ಹಿಡಿದು, ಮೊಣಕಾಲೂರಿ, ಜಾರಿ, ಮತ್ತೆ ಹಿಡಿದು ಅವಳು ತಾನೇ ಎದ್ದಳು. ಅರ್ಧ ಗಂಟೆ ಬೇಕಾಯಿತು. ನಾನು ಹಿಂದೆ ಒಂದು ಕುರ್ಚಿ ತಂದಿಟ್ಟದ್ದಷ್ಟೇ.

ಮಾರ್ಚ್ 23, ಭಾನುವಾರ

ಇವತ್ತು ಏನೂ ಬರೆಯಲಾರೆ.

ಮಾರ್ಚ್ 24, ಸೋಮವಾರ

ಗ್ರೀಸಣ್ಣನಿಗೆ ಹೇಗೋ ಸುದ್ದಿ ಮುಟ್ಟಿ ಬೆಳಿಗ್ಗೆಯೇ ಬಂದ. ಬಾಗಿಲಲ್ಲೇ ನಿಂತು, "ಬಿಚ್ಚಿಬಿಡ್ತೀನಿ ಟೈಲರೇ. ಒಂದು ದಿನದ ಕೆಲಸ. ಮೊದಲಿನ ಹಾಗೇ ಮಾಡ್ತೀನಿ" ಅಂದ. ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಬಿಚ್ಚಿದರೆ ಹೊಳೆ ದಾಟುವುದಿಲ್ಲ. ಬಿಚ್ಚದಿದ್ದರೆ ಅವಳು ಹತ್ತುವುದಿಲ್ಲ. ಏನು ಮಾಡಲೆಂದು ತೋಚದೆ ಒಳಗೆ ಹೋಗಿ ಅವಳನ್ನು ಕೇಳಿದೆ.

"ಯಾಕೆ ಬಿಚ್ಚಬೇಕು? ಮತ್ತೆ ಕಲ್ಲಿನ ಮೇಲೆ ಕೂರೋಕಾ?" ಅಂದಳು. "ಟೇಪು ತನ್ನಿ."

ತಂದೆ. ಅವಳು ಗೋಡೆ ಹಿಡಿದು ನಿಂತಳು. ಬಟ್ಟೆಯ ಮಾದರಿ ಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸುತ್ತಾ ಹೋದೆ. ಅವಳು ಹತ್ತಿದಳು, ಇಳಿದಳು, ನಾನು ಇನ್ನೊಂದು ಪುಸ್ತಕ ಸೇರಿಸಿದೆ. ಜನವರಿಯಲ್ಲಿ ಐದಿಂಚು ಹತ್ತುತ್ತಿದ್ದವಳು ಇವತ್ತು ಯಾರ ಕೈಯೂ ಇಲ್ಲದೆ ಹತ್ತಿದ್ದು ನಾಲ್ಕೂಕಾಲು.

ಮುಕ್ಕಾಲು ಇಂಚು ಹೋಗಿದೆ. ನಾನು ಗಾಡಿಯ ಕೆಳಗೆ ಮಲಗಿದ್ದಾಗ ಇಲ್ಲಿ ದಿನಕ್ಕಿಷ್ಟು ಎಂದು ಹೋಗಿದೆ. ಎಡಗಡೆಯ ಕಾಲಿಂಚಿಗೆ ಬಿಲ್ಲೆ ಹಾಕಿಸಿ ಬೀಗಿದವನು ನಾನೇ. ಅವಳ ಎದುರು ಅಳಬಾರದೆಂದು ಪುಸ್ತಕಗಳನ್ನು ಎತ್ತಿಡುವ ನೆಪದಲ್ಲಿ ಬಗ್ಗಿದೆ.

"ಆಮೇಲೆ ಅಳಿ. ಸೀಟು ಎಷ್ಟು ಎತ್ತರ ಇದೆ?" ಅಂದಳು.

"ಮೂವತ್ತೈದು."

"ನನಗೆ ಕೂರೋಕೆ?"

ಅಳೆದೆ. ಇಪ್ಪತ್ತೆಂಟು.

"ಏಳಿಂಚು ಬೇಕು. ನಾಲ್ಕೂಕಾಲು ಹತ್ತೋಳಿಗೆ ಏಳು ಹೇಗೆ ಹತ್ತಿಸ್ತೀರಿ, ಕತ್ತರಿಸಿ ಜೋಡಿಸಿ."

ಎರಡು ಮೆಟ್ಟಿಲು. ಒಂದೊಂದು ಮೂರೂವರೆ. ಮೇಲಿನ ಮೆಟ್ಟಿಲು ಮೂರಡಿ ಅಗಲ ಇರಬೇಕು, ಇಲ್ಲದಿದ್ದರೆ ತಿರುಗಲಾಗದು. ಇಷ್ಟನ್ನು ಅವಳೇ ಹೇಳಿದಳು. ಗ್ರೀಸಣ್ಣ ಬಾಗಿಲಲ್ಲಿ ನಿಂತೇ ಇದ್ದ. "ಅಕ್ಕ, ಇದನ್ನ ಫೆಬ್ರವರಿಯಲ್ಲೇ ಹೇಳಬಾರದಿತ್ತಾ?" ಅಂದ.

"ಯಾರು ಕೇಳಿದ್ರು?" ಅಂದಳು.

ಮಾರ್ಚ್ 26, ಬುಧವಾರ

ಗಟ್ಟಿ ಹಲಗೆಗಾಗಿ ಮರದ ಅಂಗಡಿಗೆ ಹೊರಟವನು ಅಂಗಡಿಯ ಬಾಗಿಲು ತೆಗೆದು ನನ್ನ ಕತ್ತರಿಸುವ ಮೇಜಿನ ಮುಂದೆ ನಿಂತೆ. ಒಂದಿಂಚು ದಪ್ಪದ ಹಲಗೆ, ಇಪ್ಪತ್ತಾರು ವರ್ಷದಲ್ಲಿ ಒಂದು ಕಡೆಯೂ ಬಾಗಿಲ್ಲ. ಇದಕ್ಕಿಂತ ಒಳ್ಳೆಯ ಹಲಗೆ ಎಲ್ಲಿ ಸಿಗುತ್ತದೆ? ಗರಗಸ ಹಿಡಿದೆ. ಸೀಮೆಸುಣ್ಣದ ಗೆರೆಗಳು, ಬ್ಲೇಡಿನ ಗೀರುಗಳು, ಒಂದು ಮೂಲೆಯಲ್ಲಿ ಅವಳು ಸೂಜಿ ಚುಚ್ಚಿಡುತ್ತಿದ್ದ ಸಣ್ಣ ಸಣ್ಣ ತೂತುಗಳು. ಆ ಮೂಲೆಯನ್ನು ಮೇಲಿನ ಮೆಟ್ಟಿಲಿಗೆ ಬರುವಂತೆ ಕತ್ತರಿಸಿದೆ. ಅಡಿಗೆ ಗ್ರೀಸಣ್ಣ ಹಳೇ ಟೈರಿನ ರಬ್ಬರು ಹೊಡೆದುಕೊಟ್ಟ, ಜಾರುವುದಿಲ್ಲ. ಮೇಲೆ ಕ್ಯಾನ್ವಾಸ್ ಹೊದಿಸಿ ಹೊಲಿದೆ.

ತಂಗಿ ನೋಡಿ, "ಭಾವ, ಇನ್ನು ಬಟ್ಟೆ ಎಲ್ಲಿ ಕತ್ತರಿಸ್ತೀರಾ?" ಎಂದು ಕೇಳಿದಳು. ಅದರ ಬಗ್ಗೆ ಯೋಚಿಸಿರಲಿಲ್ಲ.

ಮಾರ್ಚ್ 28, ಶುಕ್ರವಾರ

"ಕೈ ಹಿಂದೆ ಕಟ್ಕೊಳ್ಳಿ" ಅಂದಳು. ಕಟ್ಟಿಕೊಂಡೆ. "ಬಿಡಬಾರದು."

ಮೊದಲ ಮೆಟ್ಟಿಲು. ಬಲಗಾಲು, ಎಡಗಾಲು. ನಿಂತಳು. ಎರಡನೆಯದರಲ್ಲಿ ಎಡಗಾಲಿನ ಬೆರಳು ಅಂಚಿಗೆ ತಗಲಿತು. ಹಿಂದೆ ಕಟ್ಟಿದ ಕೈಗಳನ್ನು ಉಗುರು ಊರುವಷ್ಟು ಗಟ್ಟಿ ಹಿಡಿದೆ. ಅವಳು ಕಾಲನ್ನು ಹಿಂದಕ್ಕಿಟ್ಟು, ಉಸಿರು ತೆಗೆದುಕೊಂಡು, ಮತ್ತೆ ಎತ್ತಿದಳು. ತಿರುಗಿದಳು. ಹಿಡಿ ಹಿಡಿದಳು. ಕೂತಳು.

ಹನ್ನೊಂದು ನಿಮಿಷ. ಅವಳ ಮುಖವೆಲ್ಲ ಬೆವರು. ನನ್ನದೂ.

"ಇಳೀತೀನಿ. ಇವತ್ತಿಗೆ ಇಷ್ಟು ಸಾಕು" ಅಂದಳು.

ಮಾರ್ಚ್ 31, ಸೋಮವಾರ

ಹೋದೆವು. ಹೊಳೆಯಲ್ಲಿ ಆ ಕಲ್ಲು ಬಂದಾಗ ಅವಳು ಹಿಡಿಯನ್ನು ಬಿಗಿಯಾಗಿ ಹಿಡಿದಳು. ದಾಟಿದ ಮೇಲೆ, "ಆಯ್ತಾ? ಇಷ್ಟೇನಾ?" ಎಂದು ಕೇಳಿದಳು. ಮೆಟ್ಟಿಲನ್ನು ಹಿಂದಿನ ಸೀಟು ಮಡಚಿ ಇಟ್ಟಿದ್ದೆವು. ಕೇಂದ್ರದ ಬಾಗಿಲಲ್ಲಿ ಇಳಿಸಿಟ್ಟಾಗ ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಯಾರೂ ಅವಳನ್ನು ಎತ್ತಲಿಲ್ಲ.

ಫಿಸಿಯೋ ಮೇಡಂ ಕೈಯನ್ನು ಬಹಳ ಹೊತ್ತು ನೋಡಿದರು. ಏಳು ವಾರ ಎಲ್ಲಿದ್ದಿರಿ ಎಂದು ಕೇಳಲಿಲ್ಲ. "ಕೈ ಬಗ್ಗೆ ನಾನು ಸುಳ್ಳು ಭರವಸೆ ಕೊಡೋಲ್ಲ ಅಮ್ಮ. ಕಾಲು ನೋಡೋಣ. ಕಾಲಿಗೆ ಇನ್ನೂ ಮನಸ್ಸಿದೆ" ಅಂದರು.

ಅಂದರೆ ಕಾಜಾ ಹೊಲಿಯುವ ಕೈ ಹೋಯಿತು. ಫೆಬ್ರವರಿಯಲ್ಲಿ ಒಂದೇ ಒಂದು ಸಲ "ಯಾಕೆ ಬರೋಲ್ಲ?" ಎಂದು ಕೇಳಿದ್ದರೆ, ಕೂತು ದಿನಾ ಆ ಬೆರಳುಗಳನ್ನು ಬಿಡಿಸಿದ್ದರೆ ಉಳಿಯುತ್ತಿತ್ತೋ ಏನೋ. ಇದಕ್ಕೆ ಯಾವ ಸ್ಪೇಸರೂ ಇಲ್ಲ. ಬರುವಾಗ ನಡುಹೊಳೆಯಲ್ಲಿ ಗಾಡಿ ನಿಲ್ಲಿಸಿ ಅವಳಿಗೆ ಹಾಗೆಯೇ ಹೇಳಿದೆ. ತಪ್ಪು ನನ್ನದು ಅಂದೆ. ಅವಳು ಸಮಾಧಾನ ಮಾಡಲಿಲ್ಲ. ಮಡಚಿದ ಎಡಗೈಯನ್ನು ಬಲಗೈಯಿಂದ ಎತ್ತಿ ನನ್ನ ತೊಡೆಯ ಮೇಲಿಟ್ಟು, "ಬಿಡಿಸಿ. ನೋಯುತ್ತೆ ಅಂದ್ರೂ ಬಿಡಿಸಿ" ಅಂದಳು.

ಹಿಂದೆ ಬಂದ ಲಾರಿಯವನು ಹಾರನ್ ಹೊಡೆಯುವವರೆಗೂ ಬಿಡಿಸುತ್ತಾ ಕೂತಿದ್ದೆ.

ಏಪ್ರಿಲ್ 9, ಬುಧವಾರ

ಬೆಳಿಗ್ಗೆ ಕೇಂದ್ರಕ್ಕೆ ಹೋಗಿ ಬಂದೆವು. ಗಾಡಿ ಹತ್ತಲು ಈಗ ಆರು ನಿಮಿಷ. ಬರುವ ದಾರಿಯಲ್ಲಿ ಅವಳು ಲಾರಿಯವನೊಬ್ಬನಿಗೆ ಕಿಟಕಿಯಿಂದಲೇ ದಾರಿ ಬಿಡೋ ಎಂದು ಗದರಿದಳು. ಊಟವಾದ ಮೇಲೆ ಬೆರಳು ಬಿಡಿಸುವ ಕೆಲಸ, ಇಪ್ಪತ್ತು ಸಲ. ಹೆಬ್ಬೆರಳು ಇವತ್ತು ಸ್ವಲ್ಪ ಸಡಿಲವಿತ್ತು, ಅಥವಾ ನನಗೆ ಹಾಗನ್ನಿಸಿತು. "ಹಾಗೆಲ್ಲ ಅಂದ್ಕೋಬೇಡಿ" ಅಂದಳು. ಆಮೇಲೆ ಗೋಡೆಯ ಹತ್ತಿರ ಮಾದರಿ ಪುಸ್ತಕಗಳನ್ನು ಜೋಡಿಸಿದೆವು.

ಈಗ ಬರೆಯಲು ಕೂತು ಮೇಲೆ ತಾರೀಖು ಹಾಕಿದಾಗ ಕ್ಯಾಲೆಂಡರಿನ ಕೆಂಪು ದಾರ ನೆನಪಾಯಿತು. ಇವತ್ತೇ ಅದು.

ಹೊಸ ಪುಟ ತೆಗೆದಿದ್ದೇನೆ. ಗಿರಾಕಿಗಳಿಗೆ ಹಾಕುವ ಹಾಗೆಯೇ ಮೇಲೊಂದು ಗೆರೆ, ಬಲಗಡೆ ತಾರೀಖು. ಈ ಪುಸ್ತಕದಲ್ಲಿ ಅವಳದ್ದು ಅಂತ ಒಂದು ಪುಟ ಇರಲೇ ಇಲ್ಲ.

ಮೆಟ್ಟಿಲು, ಯಾರ ಕೈಯೂ ಇಲ್ಲದೆ: 4¾.

ಟೇಪನ್ನು ಸ್ವಲ್ಪ ಸಡಿಲ ಹಿಡಿದಿದ್ದರೆ ಐದು ಬರುತ್ತಿತ್ತು. ನನ್ನ ಕೈ ಹಾಗೆ ಮಾಡಲು ಹೊರಟಿತ್ತು ಕೂಡ. ಅವಳು ಗೋಡೆ ಹಿಡಿದುಕೊಂಡೇ ತಿರುಗಿ ನೋಡಿದಳು.

"ನಾನೇನು ಹೆಡ್‌ಮಾಸ್ಟರಾ? ಇದ್ದದ್ದು ಬರೀರಿ. ಐದು ಆದ ದಿನ ಐದು ಬರೀರಿ."

ಅದರ ಕೆಳಗೆ ಒಂದು ಸಾಲಿನಷ್ಟು ಜಾಗ ಬಿಟ್ಟಿದ್ದೇನೆ.